ಸುದ್ದಿಗೂ ವೋಚರ್ ಬೇಕು

ಭಾರತದಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಅದು ಕೊರೊನಾ ಎಂದು ಖಚಿತವಾದದ್ದು 12ರಂದು. ನಡುವಿನ ದಿನಗಳಲ್ಲಿ "ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ" ಎನ್ನುವುದೇ ಸರಿಯಾದ ಸುದ್ದಿ. ಆದರೆ ವಾಟ್ಸಾಪ್ ವರದಿಗಾಗಿ ಕಾಯುವುದಿಲ್ಲ. 2017ರ ಫೆಬ್ರುವರಿಯಲ್ಲಿ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗಲೂ ಸುಳ್ಳು ಸಂದೇಶಗಳು ಓಡಾಡಿ ತಂದೆ-ತಾಯಂದಿರನ್ನು ಹೆದರಿಸಿದ್ದವು.

ಆದ್ದರಿಂದ ಆರೋಗ್ಯ ಮತ್ತು ವಿಜ್ಞಾನದ ಸುದ್ದಿ ಬರೆಯುವುದನ್ನು ಹೈಸ್ಕೂಲಿನಲ್ಲೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮಕ್ಕಳಿಗೇಕೆ ಇದು ಎಂದು ಕೇಳಬಹುದು. ನಮ್ಮಂಥ ಮನೆಗಳಲ್ಲಿ ಈ ಕೆಲಸ ಈಗಾಗಲೇ ಮಕ್ಕಳದ್ದೇ. ಮನೆಮಾತು ಉರ್ದು, ಆಸ್ಪತ್ರೆಯ ಗೋಡೆ ಬರಹ ಕನ್ನಡ, ಗುಳಿಗೆಯ ಮೇಲಿನ ಅಕ್ಷರ ಇಂಗ್ಲಿಷ್. ದಾದಿಗೆ ಓದಿ ಹೇಳುವವಳು ನಾನೇ. ಓದಲು ನಮಗೆ ಕಲಿಸಿದ್ದಾರೆ, ವಿಚಾರಿಸಲು ಕಲಿಸಿಲ್ಲ.

ಇದು ವಿಜ್ಞಾನ ವಿಭಾಗದವರ ಕೆಲಸವೆಂದು ಕಾಮರ್ಸ್ ಗೆಳೆಯರು ಕೈತೊಳೆದುಕೊಳ್ಳಬಾರದು. ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ಏನೂ ಬರೆಯಬಾರದೆಂದು ನಾವು ಕಲಿತಿದ್ದೇವೆ. ಸುದ್ದಿಗೂ ಅದೇ ನಿಯಮ: ಹೇಳಿದವರು ಯಾರು? ಯಾವಾಗ? ಎಷ್ಟು ಜನರಲ್ಲಿ ಎಷ್ಟು ಜನರಿಗೆ? "ಅಪಾಯ ದುಪ್ಪಟ್ಟು" ಎಂದರೆ ಎದೆ ಝಲ್ ಎನ್ನುತ್ತದೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆದರೂ ಅದು ದುಪ್ಪಟ್ಟೇ.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದವರು ಶಿಕ್ಷಕರ ಜೊತೆಗೂಡಿ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಅಧ್ಯಯನ ಮಾಡುತ್ತಾರೆ. ಅಂದರೆ ಮಕ್ಕಳಿಗೆ ಇದು ಆಗದ ಕೆಲಸವಲ್ಲ. ಆದರೆ ಅಂಥ ವರದಿ ತೀರ್ಪುಗಾರರ ಮೇಜಿನ ಮೇಲೆ ಉಳಿಯಬಾರದು, ಊರಿಗೂ ತಲುಪಬೇಕು.

ಮಕ್ಕಳು ತಪ್ಪು ಬರೆದರೆ ಅಪಾಯವಲ್ಲವೇ? ಹೌದು, ಅದಕ್ಕೇ ನಿಯಮಗಳು ಬೇಕು. ಔಷಧದ ಸಲಹೆ ಕೊಡಬಾರದು. ರೋಗಿಯ ಹೆಸರು, ಓಣಿ ಬರೆಯಬಾರದು. ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳದೆ, ದಾಖಲೆ ನೋಡದೆ ಬರೆಯಬಾರದು. ಅಚ್ಚಿಗೆ ಮೊದಲು ಉಪನ್ಯಾಸಕರು ಓದಬೇಕು. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದಬೇಕು.

ನಮ್ಮ ಪತ್ರಿಕೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟವನ್ನು ಊರಿನ ಹೈಸ್ಕೂಲ್ ಮಕ್ಕಳಿಗೆ ಬಿಟ್ಟುಕೊಡಲಿ. ಮೊದಲ ವಿಷಯ ಮಾದನಹಿಪ್ಪರಗಾದ ಕುಡಿಯುವ ನೀರು. ಕೊನೆಯ ಪರೀಕ್ಷೆ ಯಾವಾಗ ಆಯಿತು, ಫ್ಲೋರೈಡ್ ಎಷ್ಟು ಬಂತು ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಲಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕ. ಬರಹ ಕನ್ನಡದಲ್ಲಿರಲಿ, ಉರ್ದುವಿನಲ್ಲೂ ಇರಲಿ. ಸಂಪಾದಕ ಮಂಡಳಿ ಒಪ್ಪಿದರೆ ಅಂಕಿಗಳನ್ನು ತಾಳೆ ನೋಡುವ ಕೆಲಸ ನನಗಿರಲಿ.