ಆ್ಯಪ್ ಪ್ರಯೋಗಾಲಯಕ್ಕೆ ಒಂದೇ ತಂತ್ರಾಂಶದ ಕಡ್ಡಾಯ ಏಕೆ?



ರಾಜ್ಯದ ಎಂಜಿನಿಯರಿಂಗ್, ಡಿಪ್ಲೊಮಾ ಮತ್ತು ಬಿಸಿಎ ತರಗತಿಗಳಲ್ಲಿ ಮೊಬೈಲ್ ಆ್ಯಪ್ ತಯಾರಿಕೆಯನ್ನು ಪ್ರಾಯೋಗಿಕ ವಿಷಯವಾಗಿ ಕಲಿಸುವ ಅನೇಕ ಕಡೆ ಪಠ್ಯಕ್ರಮವೂ ಲ್ಯಾಬ್ ಕೈಪಿಡಿಯೂ ಆ್ಯಂಡ್ರಾಯ್ಡ್ ಸ್ಟುಡಿಯೊ ಎಂಬ ಒಂದೇ ತಂತ್ರಾಂಶವನ್ನು ಹೆಸರಿಸಿ ಸುಮ್ಮನಾಗುತ್ತವೆ. ಪರೀಕ್ಷೆಯ ದಿನ ಅದರ ಪರದೆಯ ಮೇಲೆ ಕೆಲಸ ತೋರಿಸಿದರಷ್ಟೇ ಅಂಕ ಎಂಬ ರೂಢಿಯೂ ಇದರ ಬೆನ್ನಿಗೇ ಬೆಳೆದಿದೆ. ಈ ರೂಢಿಗೆ ತಾಂತ್ರಿಕ ಆಧಾರವಿಲ್ಲ. ಅದರ ಹೊರೆ ಬೀಳುವುದು ಹಳೆಯ ಕಂಪ್ಯೂಟರುಗಳಲ್ಲೇ ವರ್ಷ ದೂಡುವ ಕಾಲೇಜುಗಳ ಮೇಲೆ ಮತ್ತು 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪನ್ನೇ ನೆಚ್ಚಿಕೊಂಡ ವಿದ್ಯಾರ್ಥಿಗಳ ಮೇಲೆ. ಇದನ್ನು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಆ್ಯಂಡ್ರಾಯ್ಡ್ ಸ್ಟುಡಿಯೊ ಒಂದು ಐಡಿಇ, ಅಂದರೆ ಕೋಡ್ ಬರೆಯುವ ಎಡಿಟರ್, ಅದನ್ನು ಆ್ಯಪ್ ಆಗಿ ಕಟ್ಟುವ ಸಾಧನ, ತಪ್ಪು ಹುಡುಕುವ ಡೀಬಗರ್, ಪರದೆಯ ವಿನ್ಯಾಸ ತೋರಿಸುವ ಕಿಟಕಿ ಇವೆಲ್ಲವನ್ನೂ ಒಂದೇ ಮಾಡಿನಡಿ ಸೇರಿಸಿದ ಸಮಗ್ರ ತಂತ್ರಾಂಶ. ಜೆಟ್‌ಬ್ರೇನ್ಸ್ ಕಂಪನಿಯ ಇಂಟೆಲಿಜೆ ಐಡಿಯಾ ಎಂಬ ತಂತ್ರಾಂಶವನ್ನು ತಳಹದಿಯಾಗಿಸಿಕೊಂಡು ಗೂಗಲ್ ಇದನ್ನು 2013ರ ಮೇ ತಿಂಗಳಲ್ಲಿ ಪ್ರಕಟಿಸಿತು, ಇದರ ಮೊದಲ ಸ್ಥಿರ ಆವೃತ್ತಿ 2014ರ ಡಿಸೆಂಬರಿನಲ್ಲಿ ಬಂತು. ಅದಕ್ಕೂ ಮೊದಲು ಎಕ್ಲಿಪ್ಸ್ ಎಂಬ ಬೇರೊಂದು ಐಡಿಇಗೆ ಎಡಿಟಿ ಎಂಬ ಜೋಡಣೆಯನ್ನು ಹಾಕಿಕೊಂಡು ಆ್ಯಪ್ ತಯಾರಿಸುತ್ತಿದ್ದರು. 2015ರ ಕೊನೆಗೆ ಗೂಗಲ್ ಆ ಜೋಡಣೆಗೆ ಬೆಂಬಲ ನಿಲ್ಲಿಸಿದಾಗ ಎಕ್ಲಿಪ್ಸನ್ನೇ ನಂಬಿ ಬರೆದ ಕೈಪಿಡಿಗಳೆಲ್ಲ ಒಮ್ಮೆಗೇ ಹಳತಾದವು. ಆದರೆ ಎರಡರ ಕೆಳಗೂ ಕೆಲಸ ಮಾಡುತ್ತಿದ್ದ ಎಸ್‌ಡಿಕೆ, ಅಂದರೆ ಆ್ಯಂಡ್ರಾಯ್ಡ್ ಆ್ಯಪ್ ತಯಾರಿಕೆಗೆ ಬೇಕಾದ ಮೂಲ ಉಪಕರಣಗಳ ಕಟ್ಟು, ಆಗಲೂ ಇತ್ತು, ಈಗಲೂ ಇದೆ. ಪಠ್ಯಕ್ರಮವೊಂದು ಹಲವು ವರ್ಷ ಬಾಳಬೇಕೆಂದಿದ್ದರೆ ಅದು ಹೆಸರಿಸಬೇಕಾದದ್ದು ಯಾವುದನ್ನು ಎಂಬುದಕ್ಕೆ ಈ ಇತಿಹಾಸವೊಂದೇ ಸಾಕು.

ಸ್ಟುಡಿಯೊಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕೆಂದೂ, ಅದರೊಡನೆ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನ್, ಬಳಸುವುದಾದರೆ 16 ಜಿಬಿ ಬೇಕೆಂದೂ ಗೂಗಲ್ಲೇ ಸೂಚಿಸುತ್ತದೆ. 4 ಜಿಬಿಯ ಯಂತ್ರದಲ್ಲಿ ಸ್ಟುಡಿಯೊ ತೆರೆದ ವಿದ್ಯಾರ್ಥಿಯ ಲ್ಯಾಬ್ ಅವಧಿ ಪರದೆ ಅಲುಗುವುದನ್ನು ಕಾಯುವುದರಲ್ಲೇ ಮುಗಿಯುತ್ತದೆ, ಮತ್ತು ಅವನು ಅಥವಾ ಅವಳು ಆ್ಯಪ್ ತಯಾರಿಕೆ ತನ್ನಿಂದಾಗದ ಕೆಲಸವೆಂದು ತೀರ್ಮಾನಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಐಡಿಇ ಇಲ್ಲದೆ ಆ್ಯಪ್ ಕಟ್ಟಲು ನಿಜವಾಗಿ ಬೇಕಾದದ್ದು ಬಹಳ ಕಡಿಮೆ. ಜಾವಾ ಭಾಷೆಯ ಅಭಿವೃದ್ಧಿ ಕಟ್ಟಾದ ಜೆಡಿಕೆ ಬೇಕು (ಮುಂದೆ ಹೇಳುವ ಗ್ರೇಡಲ್ ಸಾಧನಕ್ಕೆ ಜೋಡಿಸುವ ಆ್ಯಂಡ್ರಾಯ್ಡ್ ಪ್ಲಗಿನ್ 8ರ ಸರಣಿಗೆ ಜೆಡಿಕೆ 17). ಸ್ಟುಡಿಯೊ ಇಳಿಸಿಕೊಳ್ಳುವ ಪುಟದ ಕೆಳಭಾಗದಲ್ಲಿ ಬೇರೆಯಾಗಿಯೇ ಸಿಗುವ ‘ಕಮಾಂಡ್ ಲೈನ್ ಟೂಲ್ಸ್’ ಎಂಬ ಜಿಪ್ ಕಡತ ಬೇಕು. ಕೋಡ್ ಬರೆಯಲು ಜೀನಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಮ್, ವಿಎಸ್ ಕೋಡ್ ಇಂಥ ಯಾವುದಾದರೊಂದು ಎಡಿಟರ್ ಬೇಕು. ಆ ಜಿಪ್ ಕಡತದಲ್ಲಿರುವ ಎಸ್‌ಡಿಕೆ ಮ್ಯಾನೇಜರ್ ಎಂಬ ಆಜ್ಞೆಗೆ ಯಾವ ಆ್ಯಂಡ್ರಾಯ್ಡ್ ಆವೃತ್ತಿಯ ಪ್ಲಾಟ್‌ಫಾರ್ಮ್ ಬೇಕು, ಯಾವ ಬಿಲ್ಡ್ ಟೂಲ್ಸ್ ಬೇಕು ಎಂದು ತಿಳಿಸಿದರೆ ಅದು ಅಷ್ಟನ್ನೇ ತಂದು ಹಾಕುತ್ತದೆ. ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಬಿಚ್ಚಿದ ಕಡತಗಳನ್ನು ಎಸ್‌ಡಿಕೆ ಫೋಲ್ಡರಿನ ಒಳಗೆ ‘ಸಿಎಂಡಿಲೈನ್-ಟೂಲ್ಸ್’, ಅದರೊಳಗೆ ‘ಲೇಟೆಸ್ಟ್’ ಎಂಬ ಫೋಲ್ಡರಿನಲ್ಲಿ ಇಡದಿದ್ದರೆ ಎಸ್‌ಡಿಕೆ ಮ್ಯಾನೇಜರ್ ತನ್ನ ಮನೆ ಎಲ್ಲಿದೆ ಎಂದೇ ತಿಳಿಯದೆ ದೂರುತ್ತದೆ. ಇದನ್ನು ಸರಿಪಡಿಸಿ, ‘ಆ್ಯಂಡ್ರಾಯ್ಡ್ ಹೋಮ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ, ಅಂದರೆ ಇತರ ಪ್ರೋಗ್ರಾಂಗಳು ದಾರಿ ಕೇಳಿ ಬಂದಾಗ ಕಾರ್ಯಾಚರಣ ವ್ಯವಸ್ಥೆ ಕೊಡುವ ವಿಳಾಸಕ್ಕೆ, ಎಸ್‌ಡಿಕೆ ಫೋಲ್ಡರಿನ ದಾರಿ ಬರೆದು, ಪರವಾನಗಿ ಷರತ್ತುಗಳನ್ನು ಒಪ್ಪಿಕೊಂಡರೆ ಪರಿಸರ ಸಿದ್ಧವಾಯಿತು. ಮುಂದೆ ಆ್ಯಪ್ ಕಟ್ಟುವ ಕೆಲಸ ಗ್ರೇಡಲ್ ಎಂಬ ಸಾಧನದ್ದು. ಸ್ಟುಡಿಯೊದಲ್ಲಿ ಹಸಿರು ತ್ರಿಕೋನ ಒತ್ತಿದಾಗಲೂ ಹಿಂದೆ ದುಡಿಯುವುದು ಇದೇ ಗ್ರೇಡಲ್ ಆದ್ದರಿಂದ, ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಬರೆಯುವ ಕಿಟಕಿಯಲ್ಲಿ) ಒಂದು ಸಾಲು ಬರೆದು ಪಡೆದ ಎಪಿಕೆ, ಅಂದರೆ ಫೋನಿಗೆ ಹಾಕುವ ಆ್ಯಪ್ ಕಡತ, ಯಾವ ರೀತಿಯಲ್ಲೂ ಕೀಳಾದದ್ದಲ್ಲ.

ಗ್ರೇಡಲ್ ತಾನೇನೂ ಹಗುರವಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಸ್ಟುಡಿಯೊ ರಚಿಸಿಕೊಡುವ ಹೊಸ ಪ್ರಾಜೆಕ್ಟುಗಳಲ್ಲಿ ಅದಕ್ಕೆ 2 ಜಿಬಿವರೆಗೆ ಮೆಮೊರಿ ಬಳಸುವ ಅವಕಾಶ ಬರೆದಿರುತ್ತದೆ, ಲ್ಯಾಬಿನ ಪುಟ್ಟ ಆ್ಯಪ್‌ಗಳಿಗೆ ಅದನ್ನು ತಗ್ಗಿಸಿಕೊಳ್ಳಬಹುದು. ಅದೂ ಭಾರವೆನಿಸಿದರೆ ಗ್ರೇಡಲ್ಲನ್ನೇ ಬಿಟ್ಟು, ಎಸ್‌ಡಿಕೆಯ ಬಿಡಿ ಉಪಕರಣಗಳನ್ನು ಒಂದರ ನಂತರ ಒಂದು ಓಡಿಸಿ ಆ್ಯಪ್ ಕಟ್ಟುವುದು ಸಾಧ್ಯ. ಎಎಪಿಟಿ2 ಚಿತ್ರ, ಅಕ್ಷರ, ವಿನ್ಯಾಸದ ಕಡತಗಳನ್ನು ಸಂಕಲಿಸಿ ಎಪಿಕೆಯ ಚೌಕಟ್ಟು ಕಟ್ಟುತ್ತದೆ. ಜಾವಾ ಕಂಪೈಲರ್ ಕೋಡನ್ನು ಕ್ಲಾಸ್ ಕಡತಗಳನ್ನಾಗಿ ಮಾಡುತ್ತದೆ. ಡಿ8 ಅವನ್ನು ಆ್ಯಂಡ್ರಾಯ್ಡ್ ಓದಬಲ್ಲ ಡೆಕ್ಸ್ ರೂಪಕ್ಕೆ ತರುತ್ತದೆ, ಅದನ್ನು ಎಪಿಕೆಯೊಳಗೆ ಸೇರಿಸಬೇಕು. ಜಿಪ್‌ಅಲೈನ್ ಕಡತದೊಳಗಿನ ದತ್ತಾಂಶವನ್ನು ಫೋನಿಗೆ ಓದಲು ಅನುಕೂಲವಾಗುವಂತೆ ಸಾಲುಗೂಡಿಸುತ್ತದೆ. ಎಪಿಕೆಸೈನರ್ ತಯಾರಕರ ಡಿಜಿಟಲ್ ಸಹಿ ಹಾಕುತ್ತದೆ. ಸಹಿಯಾದ ಮೇಲೆ ಜಿಪ್‌ಅಲೈನ್ ಓಡಿಸಿದರೆ ಆ ಸಹಿ ಕೆಡುತ್ತದೆ ಎಂಬುದು ಈ ಸರಣಿಯನ್ನು ಕೈಯಾರೆ ಮಾಡಿದವರಿಗೆ ಮರೆಯುವ ಸಂಗತಿಯಲ್ಲ, ಗುಂಡಿ ಒತ್ತಿದವರಿಗೆ ತಿಳಿಯುವ ಸಂಗತಿಯೂ ಅಲ್ಲ. ‘ಎಪಿಕೆಯೊಳಗೆ ಏನಿರುತ್ತದೆ’ ಎಂದು ವೈವಾದಲ್ಲಿ ಕೇಳಿದಾಗ ತಡವರಿಸುವ ವಿದ್ಯಾರ್ಥಿಗಳನ್ನು ದೂರುವ ಪರೀಕ್ಷಕರು, ಕೈಪಿಡಿಯೇ ಆ ಪ್ರಶ್ನೆಯನ್ನು ಅವರ ಕಣ್ಣಿಂದ ಮರೆಮಾಡಿದೆ ಎಂಬುದನ್ನು ಗಮನಿಸುವುದು ಒಳ್ಳೆಯದು.

ಎಮ್ಯುಲೇಟರ್ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹಳೆಯ ಯಂತ್ರಗಳಲ್ಲಿ ಅದನ್ನು ಓಡಿಸುವ ಹಟಕ್ಕಿಂತ ನಿಜವಾದ ಫೋನನ್ನೇ ಬಳಸುವುದು ಎಲ್ಲ ರೀತಿಯಿಂದಲೂ ಮೇಲು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯುಎಸ್‌ಬಿ ಡೀಬಗಿಂಗ್ ಸಕ್ರಿಯಗೊಳಿಸಿದರೆ ಎಡಿಬಿ ಎಂಬ ಪುಟ್ಟ ಉಪಕರಣ ಆ್ಯಪ್ಪನ್ನು ಅದಕ್ಕೆ ದಾಟಿಸುತ್ತದೆ, ಆ್ಯಪ್ ಕುಸಿದು ಬಿದ್ದಾಗ ಕಾರಣವನ್ನೂ ಲಾಗ್ ರೂಪದಲ್ಲಿ ತೋರಿಸುತ್ತದೆ. ಆ್ಯಂಡ್ರಾಯ್ಡ್ 11ರಿಂದ ಈಚೆಗೆ ಇದಕ್ಕೆ ಕೇಬಲ್ ಕೂಡ ಬೇಕಿಲ್ಲ. ವಿಪರ್ಯಾಸವೆಂದರೆ, ಮೊಬೈಲ್ ಆ್ಯಪ್ ಕಲಿಸುವ ಕೊಠಡಿಗೇ ಮೊಬೈಲ್ ತರಬಾರದೆಂಬ ನಿಯಮ ಇಂದಿಗೂ ಕೆಲವು ಕಾಲೇಜುಗಳಲ್ಲಿದೆ. ವಿಭಾಗದ ಬೀರುವಿನಲ್ಲಿ ನಾಲ್ಕಾರು ಹಳೆಯ ಫೋನುಗಳನ್ನಿಟ್ಟರೆ ಶಿಸ್ತಿಗೂ ಭಂಗವಿಲ್ಲ, ಪಾಠಕ್ಕೂ ಭಂಗವಿಲ್ಲ.

ಐಡಿಇಯ ಪರವಾದ ವಾದಗಳಲ್ಲಿ ಹುರುಳಿಲ್ಲವೆಂದಲ್ಲ. ದೊಡ್ಡ ಪ್ರಾಜೆಕ್ಟಿನಲ್ಲಿ ಕೋಡಿನ ಹೆಸರುಗಳನ್ನು ಒಮ್ಮೆಗೇ ಬದಲಿಸುವುದು, ಆ್ಯಪ್ ಎಲ್ಲಿ ನಿಧಾನವಾಗುತ್ತಿದೆ ಎಂದು ಅಳೆಯುವುದು, ಪರದೆಯ ವಿನ್ಯಾಸವನ್ನೂ ಕೋಡಿನಲ್ಲೇ ಬರೆಯುವ ಕಂಪೋಸ್ ವಿಧಾನದ ಪರದೆಯನ್ನು ಬರೆಯುತ್ತಲೇ ನೋಡುವುದು ಸ್ಟುಡಿಯೊದಲ್ಲಿ ಸಲೀಸು. ಆ್ಯಪ್ ಬರೆಯುವ ಇನ್ನೊಂದು ಭಾಷೆಯಾದ ಕೋಟ್ಲಿನ್‌ಗೆ ಹಗುರವಾದ ಎಡಿಟರ್‌ಗಳಲ್ಲಿ ದೊರೆಯುವ ನೆರವು ಜಾವಾಕ್ಕೆ ದೊರೆಯುವಷ್ಟು ಪಕ್ವವಾಗಿಲ್ಲ. ಹೊಸ ಪ್ರಾಜೆಕ್ಟಿನ ಚೌಕಟ್ಟನ್ನು ಆಜ್ಞೆಯ ಮೂಲಕವೇ ರಚಿಸಿಕೊಡುತ್ತಿದ್ದ ಹಳೆಯ ಸೌಲಭ್ಯವನ್ನು ಗೂಗಲ್ 2017ರಲ್ಲಿ ಕೈಬಿಟ್ಟದ್ದರಿಂದ, ಆರಂಭಕ್ಕೊಂದು ಮಾದರಿ ಫೋಲ್ಡರನ್ನು ಅಧ್ಯಾಪಕರೇ ಸಿದ್ಧಪಡಿಸಿ ಕೊಡಬೇಕಾಗುತ್ತದೆ. ಐಫೋನಿನ ಆ್ಯಪ್‌ಗಳಿಗಂತೂ ಈ ಪತ್ರದ ವಾದ ಅನ್ವಯಿಸದು, ಅಲ್ಲಿ ಟರ್ಮಿನಲ್‌ನಿಂದ ಕಟ್ಟುವುದಕ್ಕೂ ಮ್ಯಾಕ್ ಕಂಪ್ಯೂಟರ್ ಮತ್ತು ಆ್ಯಪಲ್‌ನ ಎಕ್ಸ್‌ಕೋಡ್ ಬೇಕೇ ಬೇಕು. ಆದರೆ ‘ಉದ್ಯೋಗದಲ್ಲಿ ಎಲ್ಲರೂ ಸ್ಟುಡಿಯೊ ಬಳಸುತ್ತಾರೆ, ಆದ್ದರಿಂದ ಅದನ್ನೇ ಕಲಿಸಬೇಕು’ ಎಂಬ ಮಾತು ಅರ್ಧ ಸತ್ಯ. ಕಂಪನಿಗಳಲ್ಲಿ ಕೋಡ್ ಬರೆಯುವುದು ಸ್ಟುಡಿಯೊದಲ್ಲಾದರೂ, ಬಳಕೆದಾರರಿಗೆ ತಲುಪುವ ಅಂತಿಮ ಆವೃತ್ತಿಯನ್ನು ಕಟ್ಟುವುದು ಸಾಮಾನ್ಯವಾಗಿ ಪರದೆಯೇ ಇಲ್ಲದ ಸರ್ವರ್‌ಗಳು, ಆಜ್ಞೆಗಳ ಮೂಲಕ. ಮುಕ್ತ ತಂತ್ರಾಂಶಗಳ ಆ್ಯಪ್ ಭಂಡಾರವಾದ ಎಫ್-ಡ್ರಾಯ್ಡ್ ಕೂಡ ತನ್ನ ಆ್ಯಪ್‌ಗಳನ್ನು ಮೂಲ ಕೋಡಿನಿಂದ ಹೀಗೆಯೇ ಕಟ್ಟುತ್ತದೆ. ಗುಂಡಿಯಾಚೆಗೆ ಏನೂ ತಿಳಿಯದ ಪದವೀಧರರು ಇಂಥ ಕಂಪನಿಗಳಲ್ಲಿ ಮೊದಲ ವಾರವೇ ತೊಡಕಿಗೆ ಸಿಲುಕುತ್ತಾರೆ.

ಇಷ್ಟಕ್ಕೂ ಬೇಕಾದ ಬದಲಾವಣೆ ಹಣದ್ದಲ್ಲ, ಒಂದು ವಾಕ್ಯದ್ದು. ಪಠ್ಯಕ್ರಮದಲ್ಲಿ ‘ಆ್ಯಂಡ್ರಾಯ್ಡ್ ಸ್ಟುಡಿಯೊ ಬಳಸಿ’ ಎಂದಿರುವ ಕಡೆ ‘ಆ್ಯಂಡ್ರಾಯ್ಡ್ ಎಸ್‌ಡಿಕೆ ಬಳಸಿ, ಯಾವುದೇ ಎಡಿಟರ್ ಅಥವಾ ಐಡಿಇಯಲ್ಲಿ’ ಎಂದು ತಿದ್ದಿದರೆ ಸಾಕು. ಯಂತ್ರ ಸಮರ್ಥವಾಗಿರುವ ಕಾಲೇಜುಗಳು ಸ್ಟುಡಿಯೊವನ್ನೇ ಮುಂದುವರಿಸಲಿ. ಇದರೊಡನೆ ಆಯಾ ಶೈಕ್ಷಣಿಕ ವರ್ಷಕ್ಕೆ ಹೊಂದುವ ಜೆಡಿಕೆ, ಗ್ರೇಡಲ್, ಪ್ಲಗಿನ್, ಪ್ಲಾಟ್‌ಫಾರ್ಮ್ ಆವೃತ್ತಿಗಳನ್ನು ನಿಗದಿಪಡಿಸಿದ ಒಂದು ಪುಟದ ಸೂಚನೆಯನ್ನು ವಿಶ್ವವಿದ್ಯಾಲಯವೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊರಡಿಸಬೇಕು, ಏಕೆಂದರೆ ಒಂದಕ್ಕೊಂದು ಹೊಂದದ ಆವೃತ್ತಿಗಳು ಹೊಸಬರ ದಿನಗಳನ್ನು ನುಂಗುವಷ್ಟು ಬೇರಾವುದೂ ನುಂಗುವುದಿಲ್ಲ. ಗ್ರೇಡಲ್ ಒಮ್ಮೆ ಅಂತರ್ಜಾಲದಿಂದ ತಂದ ಕಡತಗಳನ್ನು ಉಳಿಸಿಕೊಂಡು ಮುಂದೆ ಆಫ್‌ಲೈನ್‌ನಲ್ಲೂ ಕೆಲಸ ಮಾಡಬಲ್ಲದಾದ್ದರಿಂದ, ಸಂಪರ್ಕ ದುರ್ಬಲವಾಗಿರುವ ಊರುಗಳ ಕಾಲೇಜುಗಳು ಪರೀಕ್ಷೆಯ ದಿನ ನೆಟ್‌ವರ್ಕ್‌ಗಾಗಿ ಕೈಮುಗಿದು ಕೂರಬೇಕಿಲ್ಲ. ಕೈಯಾರೆ ಫೋಲ್ಡರ್ ರಚಿಸಲು ಕಲಿತ ವಿದ್ಯಾರ್ಥಿಗೆ ‘ವ್ಯಾಲ್ಯೂಸ್-ಕೆಎನ್’ ಎಂಬ ಇನ್ನೊಂದು ಫೋಲ್ಡರಿನಲ್ಲಿ ಕನ್ನಡದ ಪದಗಳನ್ನಿಟ್ಟರೆ ಅದೇ ಆ್ಯಪ್ ಕನ್ನಡ ಆಯ್ದುಕೊಂಡ ಫೋನಿನಲ್ಲಿ ಕನ್ನಡದಲ್ಲೇ ತೆರೆದುಕೊಳ್ಳುತ್ತದೆ ಎಂಬುದೂ ಬೇಗ ಹೊಳೆಯುತ್ತದೆ; ಲ್ಯಾಬ್ ಪ್ರಯೋಗಗಳ ಪಟ್ಟಿಯಲ್ಲಿ ಅದನ್ನೂ ಒಂದಾಗಿ ಸೇರಿಸುವುದು ಯೋಗ್ಯ.

ಪಠ್ಯಕ್ರಮದ ಪರಿಷ್ಕರಣೆಗೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ, ಟರ್ಮಿನಲ್‌ನಿಂದ ಕಟ್ಟಿ ಫೋನಿನಲ್ಲಿ ಓಡಿಸಿ ತೋರಿಸಿದ ಆ್ಯಪ್‌ಗೂ ಪೂರ್ಣ ಅಂಕಗಳಿಗೆ ಅರ್ಹತೆ ಇದೆ ಎಂದು ಬಾಹ್ಯ ಪರೀಕ್ಷಕರಿಗೆ ತಿಳಿಸುವ ಸುತ್ತೋಲೆಯೊಂದನ್ನು ಮುಂದಿನ ಪ್ರಾಯೋಗಿಕ ಪರೀಕ್ಷೆಗಳಿಗೆ ಮುನ್ನವೇ ಹೊರಡಿಸಬೇಕೆಂದು ಸಂಬಂಧಪಟ್ಟ ವಿಶ್ವವಿದ್ಯಾಲಯಗಳಲ್ಲಿ ವಿನಂತಿ.

ಇತಿ,
ಓದುಗರೊಬ್ಬರು