ಉದ್ರಿ ಲೆಕ್ಕ ಕಂಪ್ಯೂಟರ್‌ನಲ್ಲಿದೆ, ಅದರ ನಕಲು ಎಲ್ಲಿದೆ?

ರಾಯಚೂರು, ಮಾನ್ವಿ, ದೇವದುರ್ಗದ ಗೊಬ್ಬರದಂಗಡಿ, ದಲಾಲಿ ಅಂಗಡಿಗಳಲ್ಲಿ ಕಿರ್ದಿ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಬೀಜ, ಗೊಬ್ಬರದ ಉದ್ರಿ, ಹತ್ತಿ ಮಾರಿದ ಮೇಲೆ ಕಟ್ಟಿದ ಹಣ ಎಲ್ಲವೂ ಅದರಲ್ಲೇ. ಆ ಹಾರ್ಡ್‌ಡಿಸ್ಕ್ ಕೆಟ್ಟರೆ ನಷ್ಟ ಅಂಗಡಿಯವರಿಗಷ್ಟೇ ಅಲ್ಲ. ಹಣ ಕಟ್ಟಿ ಚೀಟಿ ಕಳೆದುಕೊಂಡ ರೈತನ ಮಾತಿಗೆ ಇದ್ದ ಒಂದೇ ಆಧಾರವೂ ಹೋಗುತ್ತದೆ. ಹಾಗಾಗಿ ಅಂಗಡಿಯ ಬ್ಯಾಕಪ್ ಬಗ್ಗೆ ಕೇಳುವ ಹಕ್ಕು ನಮಗೂ ಇದೆ.

'ದಿನಾ ಅಷ್ಟೂ ಕಾಪಿ ಮಾಡ್ತಾ ಕೂತರೆ ವ್ಯಾಪಾರ ಯಾವಾಗ ಮಾಡೋದು?' ಎಂದು ಅಂಗಡಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇನ್ನೊಂದು ತೊಡಕೂ ಇದೆ. ಎಪಿಎಂಸಿಯಲ್ಲಿ ಒಂದು ಕಡೆ ಚೀಲ ಇಳಿಸುತ್ತಾ, ಇನ್ನೊಂದು ಕಡೆ ಲಾರಿಗೆ ಏರಿಸುತ್ತಾ ಇರುವಾಗ ಎಣಿಸಿದರೆ ಲೆಕ್ಕ ತಾಳೆಯಾಗದು. ಬಿಲ್ ಹಾಕುತ್ತಲೇ ಫೈಲ್ ಕಾಪಿ ಮಾಡಿದರೂ ಅದೇ ಗತಿ: ಅರ್ಧ ಹಳೆಯದು, ಅರ್ಧ ಹೊಸದು.

ಎರಡಕ್ಕೂ ಸ್ನ್ಯಾಪ್‌ಶಾಟ್‌ನಲ್ಲಿ ಉತ್ತರವಿದೆ. ಬಿಲ್ಲಿಂಗ್ ಸಾಫ್ಟ್‌ವೇರನ್ನು ಒಂದು ಕ್ಷಣ ಮುಚ್ಚಿ, ಸಂಜೆ 7ಕ್ಕೆ ಸ್ನ್ಯಾಪ್‌ಶಾಟ್ ತೆಗೆದರೆ ಆ ಹೊತ್ತಿಗೆ ಡಿಸ್ಕ್ ಹೇಗಿತ್ತೋ ಹಾಗೇ ದಾಖಲಾಗುತ್ತದೆ. ಮತ್ತೆ ಕೆಲಸ ಶುರು ಮಾಡಬಹುದು. ಆಮೇಲೆ ಡಿಸ್ಕ್‌ನ ಯಾವ ಭಾಗ ಬದಲಾದರೂ ಅದರ ಹಳೆಯ ರೂಪ ಉಳಿದಿರುತ್ತದೆ. ಬ್ಯಾಕಪ್ ಆಗುವುದು ಆ 7 ಗಂಟೆಯ ರೂಪದಿಂದ. ಮೊದಲ ದಿನ ಪೂರ್ತಿ ನಕಲು. ಮರುದಿನದಿಂದ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ಮಾತ್ರ. ಬದಲಾವಣೆಯನ್ನಷ್ಟೇ ಮ್ಯುಟೇಶನ್‌ನಲ್ಲಿ ಬರೆದಂತೆ. ವಿಂಡೋಸ್‌ನಲ್ಲಿ ವಾಲ್ಯೂಮ್ ಶ್ಯಾಡೋ ಕಾಪಿ, ಲಿನಕ್ಸ್‌ನಲ್ಲಿ ಎಲ್‌ವಿಎಂ ಈ ಸ್ನ್ಯಾಪ್‌ಶಾಟ್ ಕೆಲಸಕ್ಕೇ ಇವೆ. ಇವನ್ನು ಬಳಸಿಕೊಳ್ಳುವ ಬ್ಯಾಕಪ್ ಸಾಫ್ಟ್‌ವೇರ್ ಹಾಕಿಸಿದರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಆದರೆ ಸ್ನ್ಯಾಪ್‌ಶಾಟ್ ಇದೆ ಎಂದು ನೆಮ್ಮದಿಯಾಗಿ ಕೂತರೆ ಕೆಟ್ಟೆವು. ಅದು ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಸುಟ್ಟರೆ ಅದೂ ಸುಟ್ಟಿತು. 2017ರಲ್ಲಿ ಜಗತ್ತನ್ನೇ ಕಾಡಿದ ವಾನಾಕ್ರೈ ವೈರಸ್ ಫೈಲುಗಳಿಗೆ ಬೀಗ ಹಾಕಿದ್ದಲ್ಲದೆ ಈ ಶ್ಯಾಡೋ ಕಾಪಿಗಳನ್ನೂ ಅಳಿಸುತ್ತಿತ್ತು. ಇನ್ನು ನೀರಿನ ಮಾತು. 2009ರಲ್ಲಿ ಕೃಷ್ಣೆ, ತುಂಗಭದ್ರೆ ಉಕ್ಕಿದ್ದನ್ನು ಕಂಡ ಜಿಲ್ಲೆ ನಮ್ಮದು. ಕಂಪ್ಯೂಟರ್ ಪಕ್ಕದ ಕಪಾಟಿನಲ್ಲೇ ಇಟ್ಟ ಬ್ಯಾಕಪ್ ಡಿಸ್ಕ್ ಅಂಥ ದಿನ ಯಾರಿಗೆ ಆಸರೆ?

ನನ್ನ ಅಭಿಪ್ರಾಯ ಇಷ್ಟೇ. ಹೊರಗಿನ ಡಿಸ್ಕ್ ಎರಡಿರಲಿ, ವಾರ ಬಿಟ್ಟು ವಾರ ಬದಲಾಗಲಿ. ಒಂದು ಸದಾ ಬೇರೆ ಊರಿನಲ್ಲಿರಲಿ: ದೇವದುರ್ಗದ್ದು ಮಾನ್ವಿಯಲ್ಲಿ, ಮಾನ್ವಿಯದು ರಾಯಚೂರಿನಲ್ಲಿ. ಜನರ ಸಾಲದ ಲೆಕ್ಕವಾದ್ದರಿಂದ ಪಾಸ್‌ವರ್ಡ್ ಕಡ್ಡಾಯ. ನಡುವಿನ ಒಂದು ದಿನದ ತುಂಡು ಕೆಟ್ಟರೆ ಮುಂದಿನವೂ ಕೆಲಸಕ್ಕೆ ಬಾರದಿರಬಹುದು. ಅದಕ್ಕೇ ತಿಂಗಳಿಗೊಮ್ಮೆ ಹೊಸದಾಗಿ ಪೂರ್ತಿ ನಕಲು ತೆಗೆಯಬೇಕು, ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ.

ನೀವು ಚೀಟಿಯ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಮುಂದಿನ ಸಲ ಉದ್ರಿ ತೀರಿಸಲು ಹೋದಾಗ ಕೇಳಿ: 'ಸಾಹುಕಾರ್ರೇ, ನಮ್ಮ ಲೆಕ್ಕ ಇನ್ನೊಂದು ಕಡೆ ಎಲ್ಲಿ ಐತ್ರಿ?'