ಕೆಡದ ಯಂತ್ರಕ್ಕೆ ಮರಣಶಾಸನ

ಮೊಳಕಾಲ್ಮೂರಿನ ನೇಕಾರರು ಲಾಳಿ ಸವೆದರೆ ಲಾಳಿಯನ್ನು ಬದಲಿಸುತ್ತಾರೆ, ಮಗ್ಗವನ್ನು ಎಸೆಯುವುದಿಲ್ಲ. ಚಳ್ಳಕೆರೆಯ ಶೇಂಗಾ ಬೆಳೆಗಾರರು ನೇಗಿಲ ಕುಳ ಮೊಂಡಾದರೆ ಕುಲುಮೆಗೆ ಒಯ್ಯುತ್ತಾರೆ. ಕಂಪ್ಯೂಟರ್ ಲೋಕದ ನೀತಿ ಇದಕ್ಕೆ ತದ್ವಿರುದ್ಧ.

ಮೈಕ್ರೋಸಾಫ್ಟ್ ಕಂಪನಿಯು 2015ರ ವಿಂಡೋಸ್ 10 ತಂತ್ರಾಂಶಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಆಮೇಲಿನ ವಿಸ್ತರಣೆ ಬರಿಯ ವಾಯಿದೆ. 2021ರ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಆದುದರಿಂದ ಸುಸ್ಥಿತಿಯಲ್ಲಿರುವ ಯಂತ್ರಗಳೂ ಅನರ್ಹ. ಹೀಗೆ 24 ಕೋಟಿ ಯಂತ್ರಗಳು ಮೂಲೆಗುಂಪಾಗಬಹುದೆಂದು ಕ್ಯಾನಲಿಸ್ ಸಂಸ್ಥೆ 2023ರಲ್ಲಿ ಅಂದಾಜಿಸಿತ್ತು. ಹಳೆಯ ಸರ್ಕ್ಯೂಟ್ ಹಲಗೆಗಳ ಸೀಸ ಮಣ್ಣು ಸೇರಿದರೆ ಕೊಳೆತು ಗೊಬ್ಬರವಾಗದು. ಇದನ್ನು ಪ್ರಗತಿ ಎನ್ನಬೇಕೆ?

ಇದೆಲ್ಲ ಭದ್ರತೆಗಾಗಿ ಎಂಬ ವಾದವಿದೆ. ಭದ್ರತೆ ಬೇಕು ನಿಜ. ಅದಕ್ಕೆ ಹೊಸ ಯಂತ್ರವೇ ಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳು, ಗಡಿಯ ಕಾಸರಗೋಡಿನ ಕನ್ನಡ ಮಾಧ್ಯಮದವೂ ಸೇರಿ, ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಕಲಿಸುತ್ತಿವೆ. ಅದು ಹಳೆಯ ಯಂತ್ರಗಳಲ್ಲೂ ನಡೆಯುತ್ತದೆ, ಕನ್ನಡವನ್ನೂ ಬಲ್ಲದು. ಚಳ್ಳಕೆರೆ, ಮೊಳಕಾಲ್ಮೂರುಗಳ ಶಾಲೆ, ಪಂಚಾಯಿತಿಗಳು ಹೊಸ ಖರೀದಿಗೆ ಸಹಿ ಹಾಕುವ ಮುನ್ನ ಅದನ್ನು ಪರೀಕ್ಷಿಸಲಿ. ವಿಂಡೋಸಿನ ಮುಂದಿನ ಆವೃತ್ತಿಯೂ ಬಂದೇ ಬರುತ್ತದೆ. ಅಷ್ಟರೊಳಗೆ ವಿದ್ಯಾರ್ಥಿಗಳು ಮಗ್ಗದ ಪಾಠವನ್ನು ಕಲಿತಿರಲಿ.